ಒಂದು ಮೊರ ತವುಡಿನ ಹೆಸರು

ರಾಯಚೂರು, ದೇವದುರ್ಗ, ಮಾನ್ವಿ, ಈ ಮೂರು ತಾಲೂಕುಗಳಲ್ಲಿ ನನ್ನಷ್ಟು ಧೈರ್ಯದ ಗಂಡಸು ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಸುದ್ದಿ ಕೇಳಿ ಕೃಷ್ಣಾ ದಾಟಿ ಹೋಗಿರಬೇಕು. ಮಲ್ಲಟದ ಮುದುಕಪ್ಪ ಬರುತ್ತಾನೆಂದರೆ ಚೇಳು ಕೊಂಡಿ ಮಡಚಿ ದಾರಿ ಬಿಡುತ್ತಿತ್ತು. ಒಮ್ಮೆ ತೋಳವೊಂದು ನನ್ನ ಕುರಿಹಟ್ಟಿಗೆ ಬಂದು, ನನ್ನ ಮುಖ ನೋಡಿ, ಹಿಂದಿನ ವಾರ ಒಯ್ದಿದ್ದ ಕುರಿಯನ್ನೂ ತಂದು ಬಿಟ್ಟುಹೋಯಿತು. ನಂಬದವರು ಆ ಕುರಿಯನ್ನೇ ಕೇಳಬಹುದಿತ್ತು. ಈಗ ಅದು ಇಲ್ಲ.

ತವುಡಮ್ಮ ಎಂಬ ಹೆಸರು ಆ ಸೀಮೆಯಲ್ಲಿ ಹಬ್ಬಿದ್ದು ಕೂಡ ನನ್ನ ಬಾಯಿಂದಲೇ. ಈಗ ಆ ಹೆಸರಿನವರನ್ನು ದೀಪ ಹಚ್ಚಿಕೊಂಡು ಹುಡುಕಬೇಕು. ಉಳಿದವರೆಲ್ಲ ಮುದುಕಿಯರು, ಮೊಮ್ಮಕ್ಕಳು ಆ ಹೆಸರನ್ನು ಬೇರೆಯವರ ಮುಂದೆ ಹೇಳಲು ನಾಚುತ್ತಾರೆ. ಆದರೆ ಸಾವಿರದ ಒಂಬೈನೂರ ನಲವತ್ತಮೂರರಿಂದ ನಾಲ್ಕೈದು ವರ್ಷ ಮಲ್ಲಟದ ಬೀದಿಯಲ್ಲಿ ನಿಂತು "ತವುಡಮ್ಮಾ" ಎಂದು ಒಮ್ಮೆ ಕೂಗಿದರೆ ನಲವತ್ತೊಂದು ಹುಡುಗಿಯರು ಓಡಿ ಬರುತ್ತಿದ್ದರು, ಎರಡು ಎಮ್ಮೆ ತಲೆ ಎತ್ತುತ್ತಿದ್ದವು. ಆ ನಲವತ್ತೊಂದಕ್ಕೂ ಮೊದಲಿನವಳು ನನ್ನ ಹೆಂಡತಿ.

ಆಕೆಯ ತವರು ದೇವದುರ್ಗ. ತಂದೆ ಕನಕರಾಯ, ತಾಯಿ ಆದೆಮ್ಮ. ಆಕೆಗಿಂತ ಮೊದಲು ಆ ಮನೆಯಲ್ಲಿ ನಾಲ್ಕು ಕೂಸು ಹುಟ್ಟಿ, ನಾಲ್ಕೂ ತೊಟ್ಟಿಲಲ್ಲೇ ಹೋಗಿದ್ದವು. ಐದನೆಯದು ಹುಟ್ಟಿದಾಗ ಆದೆಮ್ಮ ಕೂಸಿನ ಮುಖ ನೋಡಲಿಕ್ಕೂ ಅಂಜಿ ಗೋಡೆಯ ಕಡೆ ತಿರುಗಿ ಮಲಗಿದ್ದಳಂತೆ. ಅದೇ ಓಣಿಯಲ್ಲಿ ಮುನವ್ವರ್ ಬೀ ಎಂಬಾಕೆ ಸಾಹುಕಾರರ ಮನೆಗಳಲ್ಲಿ ನೆಲ್ಲು ಕುಟ್ಟುತ್ತಿದ್ದಳು. ಕುಟ್ಟಿದ ಅಕ್ಕಿ ಮನೆಯವರಿಗೆ, ತವುಡು ಆಕೆಗೆ. ಹುಟ್ಟಿದ ಕೂಸು ನಿಲ್ಲದ ಮನೆಯವರು ಕೂಸನ್ನು ಪರರಿಗೆ ಮಾರಿಬಿಡುವ ಪದ್ಧತಿ ನಮ್ಮಲ್ಲಿತ್ತು. ಸಾವು ಹುಡುಕಿಕೊಂಡು ಬಂದಾಗ, ಇಲ್ಲಿ ಇವರ ಕೂಸೇ ಇಲ್ಲ ಎಂದು ತಿರುಗಿ ಹೋಗಲಿ ಅಂತ.

ಕೂಸನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲಾಚೆ ಇಟ್ಟರು. ಮುನವ್ವರ್ ಬೀ ಇನ್ನೊಂದು ಮೊರ ತುಂಬ ತವುಡು ತಂದು ಆದೆಮ್ಮನ ಮುಂದೆ ಸುರಿದಳು, ಕೂಸನ್ನು ಎತ್ತಿಕೊಂಡಳು. ಆಗ ಐದು ಜನ ಹಿರಿಯರ ಮುಂದೆ, ಸಾವಿಗೆ ಎಲ್ಲಿದ್ದರೂ ಕೇಳುವ ಹಾಗೆ, ಹೆತ್ತವರು ಮೂರು ಸಲ ಕೂಗಬೇಕು:

"ಇದು ನಮ್ಮ ಕೂಸಲ್ಲ! ತವುಡಿಗೆ ಕೊಟ್ಟೀವಿ!"

ಮುನವ್ವರ್ ಬೀ ಏಳು ಹೆಜ್ಜೆ ನಡೆದು ತಿರುಗಿ ಬಂದು, "ಇದು ನನ್ನ ಬೇಟಿ ಅದ. ನಿಮ್ಮ ಮನ್ಯಾಗ ಸಾಕಾಕ ಇಡತೀನಿ, ಚಂದಾಗಿ ನೋಡಿಕೋರಿ," ಎಂದು ಆದೆಮ್ಮನ ಮಡಿಲಿಗೆ ಹಾಕಿದಳು. ಹೆಸರು ತವುಡಮ್ಮ ಎಂದಾಯಿತು. ಇನ್ನು ಉಳಿದದ್ದು ಒಂದೇ ಕಟ್ಟಳೆ. ಆ ಮಾರಾಟ ಸುಳ್ಳು ಎಂದು ಯಾರೂ, ಎಂದೂ, ನಗೆಚಾಟಿಕೆಗೂ ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಸಾವಿಗೆ ತಾನು ಮೋಸ ಹೋದದ್ದು ಗೊತ್ತಾಗುತ್ತದೆ. ಹುಡುಗಿ ದೊಡ್ಡವಳಾಗಿ ಗಂಡಾಂತರ ದಾಟಿದ ಮೇಲೆ ಅಷ್ಟೇ ತವುಡು ತಿರುಗಿ ಕೊಟ್ಟು ಬಿಡಿಸಿಕೊಳ್ಳಬೇಕು. ನಮ್ಮ ಮದುವೆಯ ಹಿಂದಿನ ದಿನ ಹಾಗೆ ಬಿಡಿಸಿಕೊಂಡಾಗ ಅತ್ತವಳು ಆದೆಮ್ಮನಲ್ಲ, ಮುನವ್ವರ್ ಬೀ.

ನಲವತ್ತಮೂರರ ಬೇಸಿಗೆಯಲ್ಲಿ ಮಲ್ಲಟಕ್ಕೆ ಕಾಲರಾ ಬಂತು. ಬೆಳಿಗ್ಗೆ ನಮ್ಮೊಡನೆ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕಿದವನು ಸಂಜೆಗೆ ಇರುತ್ತಿರಲಿಲ್ಲ. ಬಾಗಿಲು ಬಡಿದರೆ ಒಳಗಿನವರು ಉಸಿರು ಹಿಡಿದು ಕೂಡುತ್ತಿದ್ದರು. ನಮ್ಮ ಓಣಿಯ ಹತ್ತು ಮನೆಗಳಲ್ಲಿ ಒಂಬತ್ತಕ್ಕೆ ಅದು ಹೊಕ್ಕಿತು, ನಮ್ಮ ಮನೆಗೆ ಬರಲಿಲ್ಲ. ತವುಡಮ್ಮ ಬೇನೆಯವರ ಮನೆಗೆ ಹೋಗಿ ಬಾಯಿಗೆ ಗಂಜಿ ಹಾಕಿ ಬರುತ್ತಿದ್ದಳು, ಆದರೂ ಬರಲಿಲ್ಲ.

ಕಾರಣ ಇಷ್ಟೇ. ಮುನವ್ವರ್ ಬೀ ಆಕೆಗೆ ಚಿಕ್ಕಂದಿನಿಂದ ತವುಡು ಹಾಕಿ ಕುದಿಸಿದ ನೀರು ಕುಡಿಸಿ ರೂಢಿ ಮಾಡಿದ್ದಳು. ಕುದಿಸದ ನೀರು ಆಕೆಯ ಗಂಟಲಿಗೆ ಇಳಿಯುತ್ತಿರಲಿಲ್ಲ, ನನ್ನ ಗಂಟಲಿಗೂ ಇಳಿಯಗೊಡುತ್ತಿರಲಿಲ್ಲ. ಆದರೆ ಇಷ್ಟು ಸಣ್ಣ ಮಾತನ್ನು ಕಟ್ಟೆಯ ಮೇಲೆ ಕೂತು ಹೇಳಿದರೆ ಯಾರು ಕೇಳುತ್ತಾರೆ? ನಾನು ಹೇಳಿದ್ದು ಬೇರೆ.

"ನಿನ್ನಿ ಮಧ್ಯಾಹ್ನ ನಮ್ಮ ಮನಿಗೂ ಬಂದಿತ್ತು ಸಾವು, ಕೋಣದ ಮ್ಯಾಲ ಕುಂತು. ಬಾಗಿಲದಾಗ ನಿಂತು ಹೆಸರು ಕೇಳ್ತು. ತವುಡಮ್ಮ ಅಂದೆ. ಎಷ್ಟಕ್ಕ ಬಂದಾಕಿ ಅಂತು. ಒಂದು ಮೊರ ತವುಡಿಗೆ ಅಂದೆ. ಮುಖ ಕಿವುಚಿ, ಇಷ್ಟು ಅಗ್ಗದ್ದು ನಾವು ಒಯ್ಯಂಗಿಲ್ಲ ಅಂತ ಹೊಳ್ಳಿ ಹೋತು."

"ನಿನಗ ಅಂಜಿಕಿ ಆಗಲಿಲ್ಲೇನೋ ಮುದುಕಪ್ಪಾ?"

"ನನಗೇನು ಅಂಜಿಕಿ? ಬಿಸಲಾಗ ಬಂದಿತ್ತು ಪಾಪ, ಕೋಣಕ್ಕ ನೀರು ಕುಡಿಸಿ ಕಳಿಸಿದೆ."

ನಗಬೇಕೆಂದು ಹೇಳಿದ್ದು. ಯಾರೂ ನಗಲಿಲ್ಲ. ಅಂಜಿದವರಿಗೆ ನಗೆ ಬರುವುದಿಲ್ಲ ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಬಾಗಿಲ ಮುಂದೆ ಮೊರಗಳ ಸಾಲು ನಿಂತಿತ್ತು. ಹುಟ್ಟಿ ವಾರವಾದ ಕೂಸಿನಿಂದ ಹಿಡಿದು ಲಂಗ ಉಟ್ಟು ಓಡಾಡುವ ಹುಡುಗಿಯರವರೆಗೆ ಎಲ್ಲರನ್ನೂ ಎತ್ತಿಕೊಂಡು, ಎಳೆದುಕೊಂಡು ತಾಯಂದಿರು ಬಂದಿದ್ದರು. ನನ್ನ ಹೆಂಡತಿ ತವುಡು ಕೊಟ್ಟು ಕೊಂಡುಕೊಳ್ಳಬೇಕು, ತನ್ನ ಹೆಸರನ್ನೇ ಇಡಬೇಕು. ಸಾವು ಯಾರನ್ನು ಮುಟ್ಟದೆ ಹೋಯಿತೋ ಅವಳ ಕೂಸುಗಳನ್ನೂ ಮುಟ್ಟದು ಎಂಬ ಲೆಕ್ಕ.

ತವುಡಮ್ಮ ನನ್ನನ್ನು ಒಳಗೆ ಕರೆದಳು. ಮದುವೆಯಾಗಿ ಐದು ವರ್ಷವಾಗಿದ್ದರೂ ನಮಗೆ ಮಕ್ಕಳಿರಲಿಲ್ಲ.

"ನೀವು ಬಾಯಿ ಚಪಲಕ್ಕ ಆಡಿದ ಮಾತು, ಮಂದಿ ಮಕ್ಕಳ ಕೊರಳಿಗೆ ಕಟ್ಟಾಕತ್ತಾರ. ನಾಳಿ ಒಂದಕ್ಕೇನಾರ ಆದ್ರ?"

"ಏನಾಗತದ ಬೇ? ನಾನಿಲ್ಲೇನು?"

"ನೀವಿದ್ದೀರಂತನ ನನಗ ಅಂಜಿಕಿ," ಎಂದಳು.

ಹೊರಗೆ ಅಳುತ್ತ ನಿಂತ ಹೆಂಗಸರಿಗೆ ಇಲ್ಲವೆನ್ನಲು ಆಕೆಗೆ ಆಗಲಿಲ್ಲ. ಮನೆಯ ತವುಡು ಮುಗಿದು, ನೆರೆಯವರ ತವುಡು ಮುಗಿದು, ಕಡೆಗೆ ಒಬ್ಬೊಬ್ಬರಿಗೆ ಒಂದೊಂದು ಹಿಡಿ ಕೊಟ್ಟು ನಲವತ್ತೊಂದನ್ನೂ ಕೊಂಡಳು. ಇಡೀ ಊರು ಹಿರಿಯರ ಮುಂದೆ ಮೂರು ಮೂರು ಸಲ ಕೂಗಿತು. ಆ ಕೂಗು ಮಾನ್ವಿಯವರೆಗೆ ಕೇಳಿಸಿ ಅಲ್ಲಿನ ಠಾಣೆಯ ಅಮೀನಸಾಹೇಬರು ದಂಗೆ ಎದ್ದಿತೆಂದು ಕುದುರೆ ಹತ್ತಿದ್ದರಂತೆ. ಕೊನೆಗೆ ಕೊಂಡದ್ದು ಹುಲಿಗೆಪ್ಪ, ಗದ್ದೆಮ್ಮ ಎಂಬ ಗಂಡಹೆಂಡಿರ ಒಬ್ಬಳೇ ಮಗಳನ್ನು. ಮೂರು ವರ್ಷದ ಆ ಹುಡುಗಿಗೆ ಮೊದಲು ಯಂಕಮ್ಮ ಎಂದು ಹೆಸರಿತ್ತು. ಗುರುತಿಗಾಗಿ ಎಲ್ಲರೂ ಅವಳನ್ನು ತವುಡಿ ಎಂದು ಕರೆಯತೊಡಗಿದರು. ಅವಳು ನನ್ನ ಹೆಂಡತಿಯನ್ನು ದೊಡ್ಡವ್ವ ಎಂದಳು.

ಮಳೆ ಬಿದ್ದು ಕಾಲರಾ ಹೋಯಿತು. ನಲವತ್ತೊಂದರಲ್ಲಿ ಒಂದೂ ಹೋಗಿರಲಿಲ್ಲ. ಇನ್ನು ಕೇಳಬೇಕೆ? ಬಾಗಲವಾಡದಿಂದ, ಯರಗೇರಾದಿಂದ ಜನ ಬಂದು ಹೆಸರು ಒಯ್ದರು. ನಾನು ಕಟ್ಟೆಯ ಮೇಲೆ ಕೂತು ಕೋಣದ ಕತೆಗೆ ಕೊಂಬು ಸೇರಿಸುತ್ತ ಹೋದೆ. ತವುಡಮ್ಮ ಮಾತ್ರ ಯಾವ ಮನೆಯಲ್ಲಿ ಹುಡುಗಿ ಕೆಮ್ಮಿದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಮೂರು ವರ್ಷ ಆಕೆ ಸರಿಯಾಗಿ ಉಂಡದ್ದನ್ನು ನಾನು ಕಾಣೆ.

ನಲವತ್ತಾರರ ಸುಗ್ಗಿಯಲ್ಲಿ ಕಣದ ಹತ್ತಿರ ಜೊಲ್ಲು ಸುರಿಸುತ್ತ ಬಂದ ನಾಯಿಯೊಂದು ತವುಡಿಯ ಮೀನಖಂಡಕ್ಕೆ ಬಾಯಿ ಹಾಕಿತು. ಅವಳನ್ನು ಬಿಟ್ಟು ಹುಲಿಗೆಪ್ಪನ ಕರುವನ್ನೂ ಕಚ್ಚಿತು. ಜನ ಅದನ್ನು ಬಡಿಗೆಯಿಂದ ಕೊಂದರು. ಆಗ ಅವಳಿಗೆ ಆರು ವರ್ಷ.

ಬಾಗಲವಾಡದಿಂದ ನಾಯಿಕಡಿತಕ್ಕೆ ಔಷಧ ಕೊಡುವ ಮುತ್ಯಾ ಬಂದ. ಎಲೆ ಅರೆದು ರಸ ಕುಡಿಸಿದ. ಪಥ್ಯ ಹೇಳಿದ: ನಲವತ್ತು ದಿನ ಕತ್ತಲ ಕೋಣೆಯಲ್ಲಿರಬೇಕು, ಹರಿಯುವ ನೀರನ್ನು ದಾಟಬಾರದು, ದಾಟಿದರೆ ವಿಷ ಅದೇ ಗಳಿಗೆಗೆ ತಲೆಗೇರುತ್ತದೆ. ಹೇಳಿದವನು ಬಾಗಿಲಿನಿಂದ ಒಳಗೆ ಬರಲಿಲ್ಲ, ರಸದ ಬಟ್ಟಲನ್ನು ಕೋಲಿನಿಂದ ಒಳಗೆ ತಳ್ಳಿದ. ಅವನೇ ಅಷ್ಟು ಅಂಜಿದ ಮೇಲೆ ಊರಿನವರ ಪಾಡೇನು? ತವುಡಿಯನ್ನು ಮೇವಿನ ಕೋಣೆಯಲ್ಲಿ ಕೂಡಿ ಹೊರಗಿನಿಂದ ಚಿಲಕ ಹಾಕಿದರು. ಗದ್ದೆಮ್ಮ ಕಿಟಕಿಯಿಂದ ರೊಟ್ಟಿ ಎಸೆದು, ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಹುಲಿಗೆಪ್ಪ ಚಿಲಕದ ಮುಂದೆ ಕೊಡಲಿ ಹಿಡಿದು ಕೂತಿರುತ್ತಿದ್ದ. ಆ ಕೊಡಲಿ ಯಾತಕ್ಕೆ ಎಂದು ಕೇಳುವ ಎದೆ ಯಾರಿಗೂ ಇರಲಿಲ್ಲ, ಅವನಿಗೂ ತಿಳಿದಿತ್ತೋ ಇಲ್ಲವೋ. ಕೋಣೆಯೊಳಗಿಂದ ಹುಡುಗಿ ಒಂದೇ ಮಾತು ಕೇಳುತ್ತಿದ್ದಳು: "ಯಪ್ಪಾ, ನಾ ಏನು ಮಾಡೀನಿ?"

ಹನ್ನೆರಡನೆಯ ದಿನ ಕರುವಿಗೆ ಹುಚ್ಚು ಹಿಡಿಯಿತು. ನೀರಿನ ಬಾನಿ ಕಂಡರೆ ಕಟ್ಟಿದ ಗೂಟ ಕಿತ್ತುಕೊಂಡು ಹಿಂದೆ ಹಾರುತ್ತಿತ್ತು, ಬಾಯಿತುಂಬ ನೊರೆ. ಮಧ್ಯಾಹ್ನಕ್ಕೆ ಸತ್ತಿತು. ಊರಿನ ಎಲ್ಲ ಬಾಗಿಲುಗಳೂ ಒಂದೇ ಸಲ ಮುಚ್ಚಿಕೊಂಡವು. ಅದೇ ಹೊತ್ತಿಗೆ ನನ್ನ ಹೆಂಡತಿ ನಮ್ಮ ಬಾಗಿಲು ತೆರೆದು ಹೊರಗೆ ನಡೆದಳು. ನಾನೂ ಹಿಂದೆ ಹೋದೆ. ಹಿಂದೆ ಎಂದರೆ ಒಂದು ನೂರು ಮಾರು ಹಿಂದೆ.

"ಹುಲಿಗೆಪ್ಪಣ್ಣಾ, ನನ್ನ ಕೂಸನ್ನ ಹೊರಗ ಬಿಡು," ಎಂದಳು. "ರಾಯಚೂರಿಗೆ ಒಯ್ತೀನಿ. ದೊಡ್ಡ ದವಾಖಾನ್ಯಾಗ ಹೊಟ್ಟಿಗೆ ಹದಿನಾಕು ಸೂಜಿ ಹಾಕ್ತಾರಂತ. ಮುನವ್ವರ್ ಬೀ ಅಳಿಯ ಅಲ್ಲೇ ಅಡಿಗಿ ಮಾಡ್ತಾನ. ನಾಯಿ ಕಡಿದವರು ಬದುಕಿ ಹೋದದ್ದು ಕಣ್ಣಾರೆ ನೋಡ್ಯಾನ."

"ಹಳ್ಳ ದಾಟಬೇಕವ್ವಾ! ದಾಟಿದ್ರ ಅಲ್ಲೇ ಸಾಯ್ತದ."

"ದಾಟಲಿಲ್ಲಂದ್ರ ಇಲ್ಲೇ ಸಾಯ್ತದ. ಕರ ನೋಡಿದೆಲ್ಲ."

"ಕಳಸಂಗಿಲ್ಲ. ನನ್ನ ಮಗಳು, ನನ್ನ ಮನ್ಯಾಗ ಸಾಯಲಿ."

"ನಿನ್ನ ಮಗಳಲ್ಲ," ಎಂದಳು ತವುಡಮ್ಮ. "ಐದು ಮಂದಿ ಮುಂದ ನನಗ ಮಾರೀದಿ. ಸಾಕಾಕ ನಿನ್ನ ಮನ್ಯಾಗ ಇಟ್ಟಿದ್ದೆ, ಈಗ ಒಯ್ಯಾಕ ಬಂದೀನಿ."

ಹುಲಿಗೆಪ್ಪನ ಕಣ್ಣು ಕೆಂಪಾದವು. "ಏ, ಆವತ್ತು ಮಾರಿದ್ದೇನು ಖರೇ ಅಂತ ತಿಳ..."

ಮಾತು ಮುಗಿಯಲಿಲ್ಲ. ಬಾಗಿಲ ಸಂದಿಯಲ್ಲಿ ಕಿವಿ ಇಟ್ಟಿದ್ದ ನಲವತ್ತು ಮನೆಗಳ ನಲವತ್ತು ತಾಯಂದಿರು ಗಿಡುಗಗಳಂತೆ ಹಾರಿ ಬಂದು ಅವನ ಮೇಲೆ ಬಿದ್ದರು. ಎಂಟು ಕೈ ಬಾಯಿಗೆ, ನಾಲ್ಕು ಮೂಗಿಗೆ. "ಸುಳ್ಳಂತ ಅಂದೀ ನೋಡು!" "ಅದು ಕೇಳಸ್ಕೊಂತದ!" "ನಿನ್ನ ಕೂಸಿನ ಸಲುವಾಗಿ ನಮ್ಮ ಕೂಸು ಕೊಲ್ಲತಿಯೇನೋ ಹುಲಿಗ್ಯಾ?" ಹಿರಿಯರು ಕಂಬಳಿ ಹೊದ್ದು ಬಂದು ನಿಂತರು. ಅವರ ಮೊಮ್ಮಕ್ಕಳೂ ತವುಡಮ್ಮಗಳೇ. ಸಾವಿಗೆ ಕೇಳುವ ಹಾಗೆ ಗಟ್ಟಿಯಾಗಿ ತೀರ್ಪು ಕೊಟ್ಟರು: ಮಾರಾಟ ಖರೆ, ಕೂಸು ಕೊಂಡವಳದು. ಹಳ್ಳದಲ್ಲಿ ಕೂಸಿಗೆ ಏನಾದರೂ ಆದರೆ ಕೊಂಡವಳು ತಿರುಗಿ ಮಲ್ಲಟಕ್ಕೆ ಕಾಲಿಡಬಾರದು ಎಂದೂ ಸೇರಿಸಿದರು.

ಚಿಲಕ ತೆಗೆದವಳು ಗದ್ದೆಮ್ಮ. ಹನ್ನೆರಡು ದಿನದ ಮೇಲೆ ಮಗಳನ್ನು ಮುಟ್ಟಿ, ಎತ್ತಿ, ನನ್ನ ಹೆಂಡತಿಯ ಕೈಗೆ ಕೊಟ್ಟು, "ಒಯ್ಯವ್ವಾ, ನಿಂದ ಕೂಸು," ಎಂದು ಕೂಗಿ ಹೇಳಿದಳು. ಹೇಳಿ ಅಲ್ಲೇ ಕುಸಿದು ಕೂತಳು.

ಮರುದಿನ ನಸುಕಿನಲ್ಲಿ ಬಂಡಿ ಹೊಡೆಯುವುದು ಯಾರು ಎಂಬ ಪ್ರಶ್ನೆ ಬಂದಾಗ ಊರೆಲ್ಲ ನನ್ನ ಕಡೆ ನೋಡಿತು. ಕೋಣಕ್ಕೆ ನೀರು ಕುಡಿಸಿ ಕಳಿಸಿದ ಗಂಡಸು ನಾನೊಬ್ಬನೇ ತಾನೆ? ಎಡಗಡೆಯ ಎತ್ತು ಕುಂಟುತ್ತದೆ ಎಂದೆ. ಬೇರೆ ಎತ್ತು ತಂದರು. ನಾನೂ ಕುಂಟುತ್ತೇನೆ ಎನ್ನುವಷ್ಟರಲ್ಲಿ ತವುಡಮ್ಮ ಹುಡುಗಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬಂಡಿ ಹತ್ತಿಯಾಗಿತ್ತು. ಸೆರಗಿನ ತುದಿಗೆ ಎರಡು ಹಿಡಿ ತವುಡು ಗಂಟು ಕಟ್ಟಿಕೊಂಡಿದ್ದಳು, ಕೊಂಡದ್ದಕ್ಕೆ ಗುರುತಾಗಿ.

ಮೂಡಲು ಕೆಂಪಾಗುವಾಗ ಹೊರಟೆವು. ಊರಿನವರು ಹುಡುಗಿಯ ಕೈಕಾಲು ಕಟ್ಟಿಸಿದ್ದರು. ಸೀಮೆ ದಾಟಿದ ಕೂಡಲೆ ತವುಡಮ್ಮ ಕಟ್ಟು ಬಿಚ್ಚಿದಳು. ನನ್ನ ಬೆನ್ನಿಗೂ ಆ ಹುಡುಗಿಯ ಹಲ್ಲಿಗೂ ನಡುವೆ ಒಂದು ಗೇಣು. ಅವಳು ಆಕಳಿಸಿದರೆ ಹಲ್ಲು ಎಣಿಸುತ್ತಿದ್ದೆ. ಸೀನಿದರೆ ಎತ್ತಿನ ಕುತ್ತಿಗೆಯ ಮೇಲೆ ಹೋಗಿ ಕೂಡುತ್ತಿದ್ದೆ. ನಿಜ ಹೇಳಬೇಕೆಂದರೆ ಹಲ್ಲಿಗಿಂತಲೂ ಹೆಚ್ಚು ಅಂಜಿದ್ದು ಇನ್ನೊಂದಕ್ಕೆ. ಈ ಹುಡುಗಿ ಸತ್ತರೆ ನನ್ನ ಕೋಣದ ಕತೆ ಸುಳ್ಳೆಂದು ಗೊತ್ತಾಗುತ್ತದೆ, ಅದನ್ನು ನಂಬಿದ ನಲವತ್ತು ತಾಯಂದಿರು ನಿದ್ದೆಗೆಡುತ್ತಾರೆ, ಊರು ಬಿಡುವವಳು ಮಾತ್ರ ಕತೆ ಹೇಳದಿದ್ದ ನನ್ನ ಹೆಂಡತಿ.

ಹಳ್ಳ ಬಂತು. ಮೊಳಕಾಲುದ್ದ ನೀರು, ಅವತ್ತು ನನಗೆ ಅದು ಸಮುದ್ರ. ಎತ್ತುಗಳು ಇಳಿದವು. ನಡುನೀರಿಗೆ ಬಂದಾಗ ತವುಡಿ ಬಂಡಿಯ ಅಂಚಿನಿಂದ ಬಗ್ಗಿ ನೀರಿನೊಳಗೆ ನೋಡಿದಳು. ನೋಡಿದವಳೇ ಕಿಟಾರನೆ ಕಿರುಚಿ ಮೈಯೆಲ್ಲ ಸೆಟೆದಳು.

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ನೆನಪು ಬಂದಾಗ ನಾನು ದಂಡೆಯ ಜಾಲಿಗಿಡದ ತುದಿಯಲ್ಲಿದ್ದೆ. ಸಾಮಾನ್ಯವಾಗಿ ಆ ಗಿಡಕ್ಕೆ ಕಾಗೆ ಕೂಡ ವಿಚಾರ ಮಾಡಿ ಕೂಡುತ್ತದೆ, ಅಷ್ಟು ಮುಳ್ಳು. ಕೆಳಗೆ, ಬಂಡಿ ನಡುನೀರಿನಲ್ಲಿ ನಿಂತಿತ್ತು. ತವುಡಮ್ಮ ಒಂದು ಕೈಯಲ್ಲಿ ಹುಡುಗಿಯ ಕಣ್ಣು ಮುಚ್ಚಿ ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು, ಅಳುವ ದನಿಯಲ್ಲಿ ಎತ್ತುಗಳನ್ನು ಬೇಡಿಕೊಳ್ಳುತ್ತಿದ್ದಳು. ಎತ್ತುಗಳು ಮರ್ಯಾದಸ್ಥ ಪ್ರಾಣಿಗಳು. ಆಕೆಯ ಮಾತು ಕೇಳಿ ದಂಡೆ ಹತ್ತಿದವು.

ಬಹಳ ಹೊತ್ತು ಆಕೆ ಹುಡುಗಿಯ ಬಾಯಿ, ಕಣ್ಣು, ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಗಿಡದ ಕಡೆ ತಲೆ ಎತ್ತಿದಳು.

"ಇಳೀರಿ. ಕೂಸು ಅಳಾಕತ್ತದ ಅಷ್ಟ. ಬೊಗಳಾಕತ್ತಿಲ್ಲ."

ಹತ್ತಲು ಹಿಡಿದದ್ದು ಅರೆ ಗಳಿಗೆ, ಇಳಿಯಲು ಹಿಡಿದದ್ದು ಅರ್ಧ ತಾಸು. "ಈ ಗಿಡದ ಮಾತು ಊರಾಗ..." ಎಂದು ತೊದಲಿದೆ. "ಹೇಳಂಗಿಲ್ಲ," ಎಂದಳು. "ಬಂಡಿ ಹೊಡೀರಿ." ಯಾಕೆ ಕಿರುಚಿದೆ ಎಂದು ಎಷ್ಟು ಕೇಳಿದರೂ ತವುಡಿ ಬಾಯಿ ಬಿಡಲಿಲ್ಲ.

ಮಾನ್ವಿಯಲ್ಲಿ ಪರಿಚಯದವರ ಹಿತ್ತಲಲ್ಲಿ ಬಂಡಿ ಬಿಟ್ಟು ಮೋಟಾರು ಹತ್ತಿದೆವು. ಯುದ್ಧದ ಕಾಲದಿಂದ ಇದ್ದಲಿನ ಮೇಲೆ ಓಡುತ್ತಿದ್ದ ಮೋಟಾರು ಅದು. ಒಳಗೆ ಉಸಿರಾಡಲೂ ಸ್ಥಳವಿಲ್ಲ. ಪಕ್ಕದವನೊಬ್ಬ ತವುಡಿಯ ಕಾಲಿನ ಬಟ್ಟೆ ನೋಡಿ, "ಏನಾಗೇದ್ರಿ?" ಎಂದ. ಮುಳ್ಳು ಎಂದು ಹೇಳಬೇಕೆಂದು ತವುಡಮ್ಮ ಮೊದಲೇ ಹೇಳಿಕೊಟ್ಟಿದ್ದಳು. ಅಂಜಿಕೆಯಲ್ಲಿ ನನ್ನ ಬಾಯಿಂದ "ಹುಚ್ಚುನಾಯಿ" ಎಂದು ಬಂತು. ಮುಂದಿನ ಕ್ಷಣ ಇಡೀ ಮೋಟಾರಿನಲ್ಲಿ ನಾವು ಮೂವರೇ. ಡ್ರೈವರ ಕೂಡ ಒಂದು ಕಾಲು ಹೊರಗಿಟ್ಟುಕೊಂಡೇ ರಾಯಚೂರು ಮುಟ್ಟಿಸಿದ.

ದವಾಖಾನೆಯಲ್ಲಿ ಕುಬ್ರಾ ಬೇಗಂ ಎಂಬ ನರ್ಸಮ್ಮ ಇದ್ದರು. ಹೆಸರು ಕೇಳಿದರು, ತವುಡಮ್ಮ ಎಂದೆವು. ತಾಯಿಯ ಹೆಸರು ಕೇಳಿದರು, ತವುಡಮ್ಮ ಎಂದೆವು. ಕನ್ನಡಕದ ಮೇಲಿಂದ ಒಮ್ಮೆ ನೋಡಿ, "ಹೆತ್ತವರು ನೀವೇನು?" ಎಂದರು.

"ಇಲ್ರಿ. ಕೊಂಡಾಕಿ," ಎಂದಳು ನನ್ನ ಹೆಂಡತಿ.

ಅವರು ಮತ್ತೇನೂ ಕೇಳಲಿಲ್ಲ. ಡಾಕ್ಟರು ಕಾಲು ನೋಡಿ, ಹನ್ನೆರಡು ದಿನ ತಡವಾಗಿದೆ, ಆದರೂ ಹಾಕೋಣ, ದಿನಕ್ಕೊಂದರಂತೆ ಹದಿನಾಲ್ಕು, ಉಳಿಯುತ್ತಾಳೆ ಎಂದು ಈಗಲೇ ಹೇಳಲಾರೆ ಎಂದರು. ಸೂಜಿಯೆಂದರೆ ಗೋಣಿಚೀಲ ಹೊಲಿಯುವ ದಬ್ಬಣ. ಒಂದು ಮೇಜಿನ ಮೇಲೆ ತವುಡಿ ಹಲ್ಲು ಕಚ್ಚಿ ಹೊಟ್ಟೆಗೆ ಚುಚ್ಚಿಸಿಕೊಂಡಳು. ಪಕ್ಕದ ಮೇಜಿನ ಮೇಲೆ ಕಂಪೌಂಡರು ನನ್ನ ಮೈಯಿಂದ ಜಾಲಿಮುಳ್ಳು ಕೀಳುತ್ತಿದ್ದ. ಕಿರುಚಿದವನು ನಾನು.

ಮುನವ್ವರ್ ಬೀ ಆಗ ಮಾವಿನಕೆರೆಯ ದಂಡೆಯ ಹತ್ತಿರ ಮಗಳು ಅಳಿಯನೊಡನೆ ಒಂದು ಖೋಲಿಯಲ್ಲಿದ್ದಳು. ಮುದುಕಿ ತವುಡಮ್ಮನನ್ನು ತಬ್ಬಿಕೊಂಡು, "ಡರೋ ನಕ್ಕೋ ಬೇಟಿ, ಅಂಜಬ್ಯಾಡ, ನಾ ಇದ್ದೀನಿ," ಎಂದಳು. ಅದೇ ಮಾತನ್ನು ನಾನೂ ದಿನಾ ಹೇಳುತ್ತಿದ್ದೆ, ಆದರೆ ಹೀಗೆ ನಾಟುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ತವುಡಿಯ ಮುಂದೆ ತೆರೆದ ಬಟ್ಟಲಲ್ಲಿ ನೀರಿಟ್ಟು ನೋಡಬೇಕು ಎಂದು ಅಳಿಯ ಹೇಳಿದ್ದ; ನೀರು ಕಂಡು ಅಂಜಿದರೆ ಅಲ್ಲಿಗೆ ಮುಗಿಯಿತು. ಎಂಟು ದಿನ ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಗಟಗಟ ಕುಡಿದಳು. ಕೊನೆಯ ಗುಟುಕು ಇಳಿಯುವವರೆಗೆ ನಾವ್ಯಾರೂ ಉಸಿರು ಬಿಡುತ್ತಿರಲಿಲ್ಲ.

ಒಂಬತ್ತನೆಯ ದಿನ ಅವಳು ಕಣ್ಣು ತೆರೆದೇ ಬಟ್ಟಲು ಹಿಡಿದಳು. ಒಳಗೆ ನೋಡಿದಳು. ಬಟ್ಟಲು ಎಸೆದು ಮೂಲೆಗೆ ಹಾರಿ, ಗಂಟಲು ಹಿಡಿದುಕೊಂಡು ಗಡಗಡ ನಡುಗತೊಡಗಿದಳು. ಕರು ಹಾರಿದ್ದು ಹಾಗೆಯೇ. ಅಳಿಯ ಹಾರಿ ಹೊರಗೆ ನಿಂತ. ನಾನು ಅವನಿಗಿಂತ ಮೊದಲೇ ಹೊರಗಿದ್ದೆ. ಅಲ್ಲಿ ಗಿಡವಿರಲಿಲ್ಲ, ಅದಕ್ಕೆ ಬಾಗಿಲ ಹತ್ತಿರವೇ ನಿಂತಿದ್ದೆ.

ತವುಡಮ್ಮ ಒಳಗೇ ಇದ್ದಳು. ಬಿಳುಚಿಕೊಂಡಿದ್ದಳು. ಆದರೂ ಮೂಲೆಗೆ ಹೋಗಿ ಹುಡುಗಿಯ ಪಕ್ಕ ಕೂತಳು.

"ಏನು ಕಾಣ್ತವ್ವಾ?"

"ನಾಯಿ," ಎಂದಳು ತವುಡಿ. "ನಾಯಿ ಆಗಾಕತ್ತೀನಿ ದೊಡ್ಡವ್ವಾ."

"ಯಾರು ಹೇಳಿದ್ರು?"

"ಮುದುಕಪ್ಪಮಾಮ. ಕಟ್ಟಿ ಮ್ಯಾಲ ಹೇಳಿದ. ಹುಚ್ಚುನಾಯಿ ಕಡಿದವರು ನೀರಾಗ ಹಣಿಕಿ ಹಾಕಿದ್ರ ಅವರ ಮಕ ಕಾಣಂಗಿಲ್ಲಂತ, ನಾಯಿ ಮಕ ಕಾಣತದಂತ. ಮರುದಿನ ಬೊಗಳತಾರಂತ. ಹಳ್ಳದಾಗೂ ಕಂಡಿತ್ತು."

ಹೇಳಿದ್ದೆ. ಎರಡು ವರ್ಷದ ಹಿಂದೆ, ಬೇಸರ ಕಳೆಯಲು, ಕಟ್ಟೆಯ ಸುತ್ತ ಆಡುತ್ತಿದ್ದ ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದುದರಿಂದ ಇನ್ನೂ ನಾಲ್ಕು ಮಾತು ಸೇರಿಸಿ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ತವುಡಮ್ಮ ತಿರುಗಿ ನೋಡಿದಳು. ಆ ನೋಟಕ್ಕಿಂತ ನಾಯಿಯೇ ಕಚ್ಚಿದ್ದರೆ ಚೆನ್ನಾಗಿತ್ತು.

ಆಕೆ ಮತ್ತೊಂದು ಬಟ್ಟಲು ನೀರು ತಂದಳು. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ತವುಡು ಅದರಲ್ಲಿ ಹಾಕಿ ಬೆರಳಿನಿಂದ ತಿರುವಿದಳು. ನೀರು ಗಂಜಿಯಂತೆ ಕದಡಿ ಬೆಳ್ಳಗಾಯಿತು.

"ಈಗ ನೋಡು. ಯಾರು ಕಾಣತಾರ?"

ತವುಡಿ ಬೆರಳ ಸಂದಿಯಿಂದ ನೋಡಿದಳು. "ಯಾರೂ ಇಲ್ಲ."

"ಏನದ?"

"ತವುಡು."

"ನೀ ಯಾರು?"

"ತವುಡಮ್ಮ."

"ಮತ್ತ ಕುಡಿ."

ಬಟ್ಟಲು ತುಟಿಗೆ ಹೋಯಿತು. ಒಂದು ಗುಟುಕು ಬಾಯೊಳಗೆ ನಿಂತಿತು. ಮುನವ್ವರ್ ಬೀ ಕಣ್ಣು ಮುಚ್ಚಿ ಏನೋ ಪಠಿಸುತ್ತಿದ್ದಳು. ಗಂಟಲು ಒಮ್ಮೆ ಮೇಲೆ ಹೋಗಿ, ಕೆಳಗೆ ಬಂತು. ಎರಡನೆಯ ಗುಟುಕು. ಮೂರನೆಯದು. ಬಟ್ಟಲು ಬರಿದಾದ ಮೇಲೆ ಅವಳು ಮೂಗಿನ ತುದಿಗೆ ಅಂಟಿದ ತವುಡು ಒರೆಸಿಕೊಂಡು, "ಬೆಲ್ಲ ಇಲ್ಲೇನು?" ಎಂದಳು. ನಾನು ಹೊರಗೆ ಗೋಡೆಗೆ ಮುಖ ಹಚ್ಚಿ ನಿಂತೆ. ಕಣ್ಣಿಗೆ ಇದ್ದಲಿನ ಹೊಗೆ ಹೋಗಿತ್ತು. ಮೋಟಾರು ಬಿಟ್ಟು ಒಂಬತ್ತು ದಿನವಾಗಿತ್ತು, ಆದರೂ.

ಹದಿನಾಲ್ಕೂ ಮುಗಿದವು. ಇನ್ನು ಮೂರು ತಿಂಗಳು ಕಾದು ನೋಡಿ ಎಂದು ಡಾಕ್ಟರು ಕಳಿಸಿದರು. ಅಲ್ಲಿಯವರೆಗೆ ಹುಡುಗಿ ತಮ್ಮ ಓಣಿಗೆ ಬರಬಾರದೆಂದರು ಊರಿನವರು. ಅವಳು ನಮ್ಮ ಮನೆಯಲ್ಲೇ ಉಳಿದಳು. ಆ ಮೂರು ತಿಂಗಳು ಊರಲ್ಲಿ ಯಾವ ನಾಯಿ ಬೊಗಳಿದರೂ ತವುಡಮ್ಮ ಧಡಕ್ಕನೆ ಹುಡುಗಿಯ ಕಡೆ ನೋಡುತ್ತಿದ್ದಳು. ಆದರೆ ಅವಳ ತಲೆ ಬಾಚಿದಳು, ಅವಳಿಗೆ ಲಂಗ ಹೊಲಿದಳು, ನೀರಿಗೆ ದಿನಾ ಒಂದು ಚಿಟಿಕೆ ತವುಡು ಹಾಕಿ ಕೊಟ್ಟಳು. ನಾನು ಕಟ್ಟೆಗೆ ಹೋಗುವುದನ್ನೇ ಬಿಟ್ಟಿದ್ದೆ. ಹುಲಿಗೆಪ್ಪ ಪ್ರತಿ ಸಂಜೆ ಬಂದು ನಮ್ಮ ಬೇಲಿಯಾಚೆ ನಿಂತು, ಮಗಳು ಆಡುವುದನ್ನು ನೋಡಿ ಹೋಗುತ್ತಿದ್ದ.

ಮೂರು ತಿಂಗಳು ತುಂಬಿದ ಮರುದಿನ ಅವನು ಗದ್ದೆಮ್ಮನೊಡನೆ ತಲೆಯ ಮೇಲೆ ಒಂದು ಮೊರ ತವುಡು ಹೊತ್ತು ಬಂದ. ಆವತ್ತು ಅವರು ಪಡೆದದ್ದು ಒಂದೇ ಹಿಡಿ. ಹಿಂದೆ ಹಿರಿಯರು, ಅವರ ಹಿಂದೆ ಇಡೀ ಊರು.

"ಅಕ್ಕಾ, ನನ್ನ..." ಎಂದವನು ತಡೆದ. ಅತ್ತಿತ್ತ ನೋಡಿದ. "ನಿನ್ನ ಕೂಸನ್ನ ನನಗ ಕೊಡ್ತೀಯೇನವ್ವಾ?"

ತವುಡಮ್ಮ ಮೊರ ಇಳಿಸಿಕೊಂಡಳು. ತವುಡಿನಲ್ಲಿ ಕೈ ಆಡಿಸಿದಳು. "ಕಲ್ಲು ಅದಾವ," ಎಂದು ಆರಿಸತೊಡಗಿದಳು. ಇದ್ದದ್ದು ಒಂದೋ ಎರಡೋ ಹರಳು. ಆಕೆ ಆರಿಸುತ್ತಲೇ ಇದ್ದಳು. ಯಾರೂ ಅವಸರ ಮಾಡಲಿಲ್ಲ. ಕಡೆಗೆ ಆರಿಸಲು ಏನೂ ಉಳಿಯದಾದಾಗ ಎದ್ದು, ತವುಡಿಯ ಕೈ ಹಿಡಿದು ಗದ್ದೆಮ್ಮನ ಕೈಯಲ್ಲಿಟ್ಟಳು.

"ದೊಡ್ಡವ್ವಾ," ಎಂದಳು ಹುಡುಗಿ, "ನನ್ನ ಹೆಸರು ಹೊಳ್ಳಿ ಯಂಕಮ್ಮ ಆಗತದೇನು?"

"ನಿನಗೇನು ಬೇಕು?"

"ನಿಂದು."

ತವುಡಮ್ಮ ಆಗಲಿ ಎಂಬಂತೆ ತಲೆಯಾಡಿಸಿದಳು. ಊರೆಲ್ಲ ಆಕೆಯ ಮುಖ ನೋಡುತ್ತಿತ್ತು. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ಏನಾದರೂ ಮಾಡಿ ಅದನ್ನು ಮುರಿಯಬೇಕಾಗಿತ್ತು, ನನಗೆ ಬರುವ ವಿದ್ಯೆ ಒಂದೇ. ಎದೆ ಮುಂದೆ ಮಾಡಿ ಮೀಸೆಯ ಮೇಲೆ ಕೈ ಹಾಕಿದೆ.

"ಏನಾರ ಅನ್ರಿ, ಆವತ್ತು ಬಂಡಿ ಹೊಡ್ಯಾಕ ನನ್ನಂಥ ಗಂಡಸು ಇರದಿದ್ರ ಕೂಸು ಹಳ್ಳ ದಾಟತಿರಲಿಲ್ಲ. ಹುಲಿಗೆಪ್ಪಾ, ಮಗಳಿಗೆ ಒಂದು ಮೊರ ತವುಡು ತಂದಿ. ನನ್ನ ಧೈರ್ಯಕ್ಕ ಎಷ್ಟು ತರತೀ?"

ತವುಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವರ್ನೂ ಮಾರಬೇಕಂತ ಮಾನ್ವ್ಯಾಗ, ರಾಯಚೂರಾಗ ಕೇಳಿ ಬಂದೀನಣ್ಣಾ. ಒಂದು ಹಿಡಿ ತವುಡಿಗೂ ಯಾರೂ ಒಲ್ಲೆಂದ್ರು. ಹಳ್ಳದ ದಂಡಿ ಮ್ಯಾಲಿನ ಜಾಲಿಗಿಡ ಸಮೇತ ಕೊಡ್ತೀಯೇನು ಅಂತ ಕೇಳತಾರ, ನೀರು ಕಂಡಾಗೆಲ್ಲ ಏರಾಕ ಬೇಕಾಗತದಂತ."